ನಾಯಿಗೆ ಮಾತು ಕೇಳಲು ಕಲಿಸುವುದು, ನಮ್ಮ ಊರಿನಲ್ಲೇ, ಕೈಗೆಟಕುವ ಖರ್ಚಿನಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ವಿನೋಬನಗರದ ರಸ್ತೆಗಳಲ್ಲಿ ಬೆಳಿಗ್ಗೆ ನಾಯಿ ಹಿಡಿದು ನಡೆಯುವಾಗ, ಹೊಸದಾಗಿ ಮರಿ ತಂದವರು ನನ್ನನ್ನು ನಿಲ್ಲಿಸಿ ಮಾತನಾಡಿಸುತ್ತಾರೆ. ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ನನ್ನ ನಾಯಿಯ ಹೆಸರು ಜೀರಿಗೆ, ಬೀದಿಯಲ್ಲಿ ಹುಟ್ಟಿದವಳು. ಅವಳಿಗೆ ಕಲಿಸಲು ಹೋಗಿ ನಾನು ಹಣವನ್ನೂ ಕಳೆದುಕೊಂಡೆ, ಅವಳ ನಂಬಿಕೆಯನ್ನೂ ಕೆಲವು ತಿಂಗಳು ಕಳೆದುಕೊಂಡೆ. ಇನ್ನೊಬ್ಬರಿಗೆ ಹಾಗಾಗಬಾರದು ಎಂದು ಉತ್ತರಗಳನ್ನು ಒಂದೆಡೆ ಬರೆದಿಡುತ್ತಿದ್ದೇನೆ.

ಹತ್ತಿರದಲ್ಲಿ ಒಳ್ಳೆಯ ತರಬೇತುದಾರರನ್ನು ಎಲ್ಲಿ ಹುಡುಕಬೇಕು?

ನಿಮ್ಮ ನಾಯಿಗೆ ಲಸಿಕೆ ಹಾಕುವ ಪಶುವೈದ್ಯರಿಂದ ಆರಂಭಿಸಿ. ಆದರೆ "ಒಳ್ಳೆಯ ತರಬೇತುದಾರರು ಯಾರಾದರೂ ಗೊತ್ತೇ?" ಎಂದು ಕೇಳಬೇಡಿ. ಹಾಗೆ ಕೇಳಿದರೆ ಮೇಜಿನ ಮೇಲಿರುವ ವಿಸಿಟಿಂಗ್ ಕಾರ್ಡ್ ಸಿಗುತ್ತದೆ, ಅಷ್ಟೇ. "ನಿಮ್ಮಲ್ಲಿಗೆ ಬರುವ ನಾಯಿಗಳಲ್ಲಿ ಸೂಜಿ ಚುಚ್ಚುವಾಗಲೂ ನೆಮ್ಮದಿಯಾಗಿ ನಿಲ್ಲುವ ನಾಯಿ ಯಾವುದು? ಅದಕ್ಕೆ ಕಲಿಸಿದವರು ಯಾರು?" ಎಂದು ಕೇಳಿ. ವೈದ್ಯರಿಗೆ ಆ ನಾಯಿ ಚೆನ್ನಾಗಿ ನೆನಪಿರುತ್ತದೆ. ಆ ನಾಯಿಯ ಮಾಲೀಕರನ್ನು ಭೇಟಿಯಾದರೆ ಅರ್ಧ ಹುಡುಕಾಟ ಮುಗಿಯಿತು.

ಖಾಸಗಿ ವೈದ್ಯರ ಶುಲ್ಕ ಭಾರವೆನಿಸಿದರೆ ಪಶುವೈದ್ಯಕೀಯ ಕಾಲೇಜುಗಳ ಬೋಧನಾ ಆಸ್ಪತ್ರೆಗಳಿವೆ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗ ಈ ಊರುಗಳಲ್ಲೆಲ್ಲ ಕಾಲೇಜುಗಳಿವೆ. ಅಲ್ಲಿ ಸರದಿಯಲ್ಲಿ ಕಾಯುವ ಅರ್ಧ ಗಂಟೆ ವ್ಯರ್ಥವಲ್ಲ. ಪಕ್ಕದಲ್ಲಿ ಕುಳಿತವರೆಲ್ಲ ನಾಯಿ ಸಾಕಿದವರೇ ಅಲ್ಲವೇ? ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುತ್ತಮುತ್ತ ನಡೆಯುವ ಉಚಿತ ಲಸಿಕಾ ಶಿಬಿರಗಳಲ್ಲಂತೂ ಊರಿನ ನಾಯಿ ಪ್ರಿಯರೆಲ್ಲ ಒಂದೇ ಅಂಗಳದಲ್ಲಿ ಸಿಗುತ್ತಾರೆ.

ಮೂರನೆಯ ದಾರಿ ಪ್ರಾಣಿ ರಕ್ಷಣಾ ಸಂಸ್ಥೆಗಳ ಸ್ವಯಂಸೇವಕರು. ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂತಹ ಸಂಸ್ಥೆಗಳಿವೆ, ಸಣ್ಣ ಊರುಗಳಲ್ಲಿ ಹೆಸರಿಲ್ಲದ ಪುಟ್ಟ ಗುಂಪುಗಳಿವೆ. ಹೆದರಿ ಮೂಲೆ ಸೇರಿದ ನಾಯಿಯನ್ನು ಬಲವಂತವಿಲ್ಲದೆ ಹೊರಗೆ ಕರೆತರುವುದು ಅವರ ನಿತ್ಯದ ಕೆಲಸ. ಅವರಿಗೆ ತಿಳಿದಷ್ಟು ಪ್ರಮಾಣಪತ್ರ ಹೊಂದಿದ ಎಷ್ಟೋ ಜನರಿಗೆ ತಿಳಿದಿರುವುದಿಲ್ಲ.

ಪೊಲೀಸ್ ಶ್ವಾನದಳದಿಂದಲೋ ಸೇನೆಯಿಂದಲೋ ನಿವೃತ್ತರಾಗಿ ಮನೆ ನಾಯಿಗಳಿಗೆ ಕಲಿಸುವವರೂ ಇದ್ದಾರೆ. ಅವರಲ್ಲಿ ಕೆಲವರ ಕೈ ಬಹಳ ಮೃದು. ಆದರೆ ಸ್ಫೋಟಕ ಹುಡುಕುವ ನಾಯಿಗೆ ಬೇಕಾದ ಶಿಸ್ತು ಬೇರೆ, ಮನೆಗೆ ಬಂದ ಅಜ್ಜಿಯ ಮೇಲೆ ಹಾರದಿರುವ ಶಿಸ್ತು ಬೇರೆ. ಹಿಂದಿನ ಹುದ್ದೆಯೊಂದನ್ನೇ ನೋಡಿ ಒಪ್ಪಿಕೊಳ್ಳಬೇಡಿ.

ಎಷ್ಟು ಖರ್ಚಾಗುತ್ತದೆ? ಕಡಿಮೆ ಮಾಡುವುದು ಹೇಗೆ?

ಊರಿಂದ ಊರಿಗೆ, ಬಡಾವಣೆಯಿಂದ ಬಡಾವಣೆಗೆ ದರ ಬದಲಾಗುತ್ತದೆ. ಆದ್ದರಿಂದ ಮೊತ್ತಕ್ಕಿಂತ ಲೆಕ್ಕ ಹಾಕುವ ಬಗೆ ತಿಳಿಸುತ್ತೇನೆ. "ತಿಂಗಳಿಗೆ ಇಷ್ಟು" ಎಂದವರನ್ನು ವಾರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು ನಿಮಿಷ, ಆ ನಿಮಿಷಗಳಲ್ಲಿ ಹಗ್ಗ ಯಾರ ಕೈಯಲ್ಲಿರುತ್ತದೆ ಎಂದು ಕೇಳಿ. ಮೂರನೆಯ ಪ್ರಶ್ನೆಯೇ ಮುಖ್ಯ. ಹಗ್ಗ ಅವರ ಕೈಯಲ್ಲೇ ಇದ್ದರೆ ನಿಮ್ಮ ನಾಯಿ ಅವರ ಮಾತು ಕೇಳುವುದನ್ನು ಕಲಿಯುತ್ತದೆ. ಅವರು ಗೇಟು ದಾಟಿದ ಕ್ಷಣಕ್ಕೆ ಕಲಿಕೆಯೂ ಅವರ ಹಿಂದೆಯೇ ಹೋಗುತ್ತದೆ.

ಹಣ ಕೊಡಬೇಕಾದದ್ದು ನಾಯಿಯ ಪಾಠಕ್ಕಲ್ಲ, ನಿಮ್ಮ ಪಾಠಕ್ಕೆ. ಇಷ್ಟು ಸ್ಪಷ್ಟವಾದರೆ ಖರ್ಚು ತಾನಾಗಿಯೇ ಇಳಿಯುತ್ತದೆ. ತಿಂಗಳಿಡೀ ದಿನಕ್ಕೊಂದು ಗಂಟೆ ಬೇಕಾಗಿಲ್ಲ. ಹದಿನೈದು ದಿನಗಳಿಗೊಮ್ಮೆ ಒಂದು ಗಂಟೆಯಂತೆ ನಾಲ್ಕು ಪಾಠಗಳು ಸಾಕು. ನಡುವಿನ ದಿನಗಳಲ್ಲಿ ಅಭ್ಯಾಸ ನಿಮ್ಮದು. ಉದಾಹರಣೆಗೆ, ಒಬ್ಬರು ಗಂಟೆಗೆ 800 ರೂಪಾಯಿ ಕೇಳಿದರೆ ನಾಲ್ಕು ಪಾಠಕ್ಕೆ 3,200 ರೂಪಾಯಿ. ಬೀದಿಯ ನಾಲ್ಕು ಮನೆಯವರು ಸೇರಿ ಒಂದೇ ಹೊತ್ತಿಗೆ ಕರೆಸಿಕೊಂಡರೆ ತಲೆಗೆ 800. ಗುಂಪಾಗಿ ಕಲಿಯುವುದರಲ್ಲಿ ಇನ್ನೊಂದು ಲಾಭವಿದೆ. ಬೇರೆ ನಾಯಿಗಳು ಎದುರಿಗಿದ್ದಾಗಲೂ ನಿಮ್ಮತ್ತ ಗಮನ ಕೊಡುವುದನ್ನು ನಾಯಿ ಮೊದಲ ದಿನದಿಂದಲೇ ಕಲಿಯುತ್ತದೆ. ಗೇಟಿನ ಒಳಗೆ ಒಂಟಿಯಾಗಿ ಕಲಿತ ನಾಯಿಗೆ ಈ ಅವಕಾಶ ಸಿಗುವುದಿಲ್ಲ.

ಪೂರ್ತಿ ಹಣವನ್ನು ಮುಂಗಡವಾಗಿ ಕೊಡಬೇಡಿ. ನಾನು ಕೊಟ್ಟಿದ್ದೆ. ಎರಡನೆಯ ದಿನವೇ ನಿಲ್ಲಿಸಬೇಕೆಂದು ಮನಸ್ಸು ಕೂಗುತ್ತಿದ್ದರೂ, ಕೊಟ್ಟ ಹಣದ ಮೇಲಿನ ಆಸೆಯಿಂದ ಇನ್ನೂ ಒಂಬತ್ತು ದಿನ ಸುಮ್ಮನಿದ್ದೆ.

ತರಬೇತುದಾರರು ಒಳ್ಳೆಯವರೇ ಎಂದು ತಿಳಿಯುವುದು ಹೇಗೆ?

ನಿಮ್ಮ ನಾಯಿಯನ್ನು ಮನೆಯಲ್ಲೇ ಬಿಟ್ಟು ಒಮ್ಮೆ ಅವರ ಪಾಠ ನೋಡಲು ಹೋಗಿ. ಬೇಡವೆಂದವರನ್ನು ಅಲ್ಲಿಗೇ ಕೈಬಿಡಿ. ಹೋದಾಗ ತರಬೇತುದಾರರನ್ನು ನೋಡಬೇಡಿ, ನಾಯಿಯನ್ನು ನೋಡಿ. ಬಾಲ ಕಾಲ ಸಂದಿಯಲ್ಲಿದೆಯೇ? ಕಿವಿ ಹಿಂದಕ್ಕೆ ಅಂಟಿದೆಯೇ? ಮತ್ತೆ ಮತ್ತೆ ಮೂಗು ನೆಕ್ಕಿಕೊಳ್ಳುತ್ತಿದೆಯೇ, ನಿದ್ದೆ ಬಾರದಿದ್ದರೂ ಆಕಳಿಸುತ್ತಿದೆಯೇ? ಇವೆಲ್ಲ ಒತ್ತಡದ ಗುರುತುಗಳು. ಹೆದರಿ ಹೆಪ್ಪುಗಟ್ಟಿದ ನಾಯಿಯೂ ಅಲುಗಾಡದೆ ಕುಳಿತಿರುತ್ತದೆ. ನೋಡುವವರಿಗೆ ಅದೇ ವಿಧೇಯತೆಯಂತೆ ಕಾಣುತ್ತದೆ.

ಬಳಿಕ ಮೂರು ಪ್ರಶ್ನೆ ಕೇಳಿ. ನಾಯಿ ಸರಿಯಾಗಿ ಮಾಡಿದಾಗ ಏನಾಗುತ್ತದೆ? ತಪ್ಪಿದಾಗ ಏನಾಗುತ್ತದೆ? ಅದಕ್ಕಿಂತ ಮೆತ್ತಗಿನ ದಾರಿ ಇದೆಯೇ? ಎರಡನೆಯದಕ್ಕೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿ. "ತಪ್ಪಿದರೆ ಬಹುಮಾನ ಸಿಗುವುದಿಲ್ಲ, ಇನ್ನೂ ಸುಲಭ ಮಾಡಿ ಮತ್ತೊಮ್ಮೆ ಕೇಳುತ್ತೇನೆ" ಎಂದರೆ ನೆಮ್ಮದಿ. "ಯಜಮಾನ ಯಾರೆಂದು ತೋರಿಸಬೇಕು" ಎಂದರೆ ಧನ್ಯವಾದ ಹೇಳಿ ಬನ್ನಿ.

ಈ ಯಜಮಾನಿಕೆಯ ಮಾತು ಬಂದದ್ದು ತೋಳಗಳ ಅಧ್ಯಯನದಿಂದ. ಪರಸ್ಪರ ಸಂಬಂಧವಿಲ್ಲದ ತೋಳಗಳನ್ನು ಒಂದು ಆವರಣದಲ್ಲಿ ಕೂಡಿಹಾಕಿದಾಗ ಅವು ಕಾದಾಡಿದವು. ಅದನ್ನು ಕಂಡವರು ತೋಳದ ಗುಂಪಿಗೆ ಬಲದಿಂದ ಆಳುವ ನಾಯಕನಿರುತ್ತಾನೆ ಎಂದು ತೀರ್ಮಾನಿಸಿದರು. ಈ ಕಲ್ಪನೆಯನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬರಾದ ವಿಜ್ಞಾನಿ ಡೇವಿಡ್ ಮೆಕ್ ಅವರೇ 1999ರಲ್ಲಿ ಅದನ್ನು ತಿದ್ದಿದರು. ಕಾಡಿನ ತೋಳದ ಗುಂಪೆಂದರೆ ಸಾಮಾನ್ಯವಾಗಿ ತಂದೆ, ತಾಯಿ ಮತ್ತು ಮಕ್ಕಳ ಸಂಸಾರ. ನಮ್ಮೂರಿನ ಅನೇಕ ತರಬೇತುದಾರರಿಗೆ ಆ ತಿದ್ದುಪಡಿ ಇನ್ನೂ ತಲುಪಿಲ್ಲ. ಪ್ರಾಣಿ ವರ್ತನೆಯನ್ನು ಅಭ್ಯಾಸ ಮಾಡುವ ಅಮೆರಿಕದ ಪಶುವೈದ್ಯರ ಸಂಘವು 2021ರಲ್ಲಿ ಸ್ಪಷ್ಟವಾಗಿಯೇ ಹೇಳಿತು: ಎಲ್ಲ ನಾಯಿಗಳಿಗೂ, ಆಕ್ರಮಣಕಾರಿ ಎನಿಸಿದ ನಾಯಿಗಳಿಗೂ ಸಹ, ಬಹುಮಾನ ಆಧಾರಿತ ಕಲಿಕೆಯೇ ಸರಿ.

ಕುತ್ತಿಗೆ ಬಿಗಿಯುವ ಸರಪಳಿ ಬಳಸಿದರೆ ಬೇಗ ಕಲಿಯುತ್ತದೆ ಎನ್ನುತ್ತಾರಲ್ಲ?

ಬೇಗ ನಿಲ್ಲುತ್ತದೆ ಎನ್ನುವುದು ನಿಜ. ಕಲಿಯುತ್ತದೆ ಎನ್ನುವುದು ನಿಜವಲ್ಲ. ಜೀರಿಗೆ ಎಂಟು ತಿಂಗಳ ಮರಿಯಾಗಿದ್ದಾಗ ಬಂದ ವ್ಯಕ್ತಿ, ಅವಳು ಎದುರಿನ ನಾಯಿಯನ್ನು ಕಂಡು ಬೊಗಳಿದಾಗಲೆಲ್ಲ ಸರಪಳಿಯನ್ನು ಜಗ್ಗುತ್ತಿದ್ದರು. ಹನ್ನೊಂದು ದಿನಗಳಲ್ಲಿ ಬೊಗಳುವುದು ನಿಂತಿತು. ಹನ್ನೆರಡನೆಯ ದಿನ ಪಕ್ಕದ ಮನೆಯ ಮುದಿ ನಾಯಿಯನ್ನು ಸದ್ದೇ ಇಲ್ಲದೆ ಕಚ್ಚಿದಳು. ಬೇರೆ ನಾಯಿ ಕಂಡರೆ ಕುತ್ತಿಗೆ ನೋಯುತ್ತದೆ ಎನ್ನುವುದೊಂದೇ ಅವಳು ಕಲಿತ ಪಾಠ. ಅದನ್ನು ಅವಳ ಮನಸ್ಸಿನಿಂದ ತೆಗೆಯಲು ನನಗೆ ಏಳು ತಿಂಗಳು ಬೇಕಾಯಿತು. ಮೊನಚು ಹಲ್ಲಿನ ಪಟ್ಟಿ, ವಿದ್ಯುತ್ ಆಘಾತದ ಪಟ್ಟಿ ಇವೂ ಅದೇ ಜಾತಿಯವು. ನಾಯಿಯನ್ನು ಹೊಡೆಯುವುದು, ಅನಗತ್ಯ ನೋವು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ ಪ್ರಕಾರ ಅಪರಾಧ ಎನ್ನುವುದೂ ನೆನಪಿರಲಿ.

ಎಳೆಯುವ ನಾಯಿಗೆ ಎದೆಯ ಮುಂದೆ ಕೊಕ್ಕೆಯಿರುವ ಹಾರ್ನೆಸ್ (ಕುತ್ತಿಗೆಯ ಬದಲು ಎದೆ, ಬೆನ್ನು ಸುತ್ತಿ ತೊಡಿಸುವ ಪಟ್ಟಿ) ಕೊಳ್ಳಿ. ಅದರ ಬೆಲೆ ತರಬೇತಿಯ ಒಂದು ಪಾಠಕ್ಕಿಂತ ಹೆಚ್ಚೇನೂ ಆಗದು.

ಒಂದು ತಿಂಗಳು ತಮ್ಮ ಬಳಿಯೇ ಇಟ್ಟುಕೊಂಡು ಕಲಿಸಿ ಕೊಡುತ್ತಾರಂತೆ. ಕಳುಹಿಸಬಹುದೇ?

ಬೇಡ. ಅಲ್ಲಿ ಏನು ನಡೆಯುತ್ತದೆಂದು ನೀವು ನೋಡಲಾರಿರಿ, ಅದು ಬಂದು ಹೇಳಲಾರದು.

ಮರಿಗೆ ಯಾವ ವಯಸ್ಸಿನಿಂದ ಕಲಿಸಬೇಕು? ಲಸಿಕೆ ಮುಗಿಯುವವರೆಗೆ ಹೊರಗೆ ಬಿಡಬೇಡಿ ಎಂದು ವೈದ್ಯರು ಹೇಳಿದ್ದಾರೆ.

ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಮರಿಯ ಮನಸ್ಸು ತೆರೆದ ಬಾಗಿಲು. ಆ ಅವಧಿಯಲ್ಲಿ ಕಂಡದ್ದನ್ನೆಲ್ಲ ಅದು ಲೋಕದ ಸಹಜ ಭಾಗವೆಂದು ಒಪ್ಪಿಕೊಳ್ಳುತ್ತದೆ. ಲಸಿಕೆಗಳ ಸರಣಿ ಆರರಿಂದ ಎಂಟು ವಾರಕ್ಕೆ ಆರಂಭವಾಗಿ ಹದಿನಾರನೆಯ ವಾರದ ಹೊತ್ತಿಗೆ ಮುಗಿಯುತ್ತದೆ. ಅಂದರೆ ಲಸಿಕೆ ಮುಗಿಯುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ವೈದ್ಯರ ಎಚ್ಚರಿಕೆಯೂ ಸುಳ್ಳಲ್ಲ, ಪಾರ್ವೊ ರೋಗಕ್ಕೆ ಮರಿಗಳು ಎರಡೇ ದಿನಗಳಲ್ಲಿ ಬಲಿಯಾದದ್ದನ್ನು ನಾನೇ ಕಂಡಿದ್ದೇನೆ.

ಇದಕ್ಕೆ ನಡುವಿನ ದಾರಿಯಿದೆ. ಮರಿಯನ್ನು ನೆಲಕ್ಕೆ ಬಿಡದೆ ಎತ್ತಿಕೊಂಡು ಹೋಗಿ. ಬಸ್ ನಿಲ್ದಾಣದ ಸದ್ದು, ಶಾಲೆ ಬಿಡುವ ಹೊತ್ತಿನ ಮಕ್ಕಳು, ಹೆಲ್ಮೆಟ್ ತೊಟ್ಟವರು, ಕೊಡೆ ಹಿಡಿದವರು, ಊರುಗೋಲಿನ ಅಜ್ಜ, ತರಕಾರಿ ಗಾಡಿಯ ಧ್ವನಿವರ್ಧಕ, ಹಸು, ಪ್ರೆಷರ್ ಕುಕ್ಕರಿನ ಸೀಟಿ ಎಲ್ಲವೂ ದೂರದಿಂದ ಪರಿಚಯವಾಗಲಿ, ಪ್ರತಿ ಹೊಸತಿನ ಜೊತೆಗೂ ಬಾಯಿಗೊಂದು ತುಣುಕು ಬೀಳಲಿ. ಲಸಿಕೆ ಹಾಕಿಸಿಕೊಂಡ ಆರೋಗ್ಯವಂತ ನಾಯಿಗಳಿರುವ ಮನೆಯ ಅಂಗಳಕ್ಕೆ ಕರೆದೊಯ್ಯಿರಿ. ಬೀದಿಯ ಮಣ್ಣು, ಉದ್ಯಾನದ ಹುಲ್ಲು ಮಾತ್ರ ಇನ್ನೂ ಬೇಡ.

ಹಣವೇ ಇಲ್ಲದಿದ್ದರೆ? ನಾನೇ ಕಲಿಸಬಹುದೇ?

ಖಂಡಿತ. ಬೇಕಾಗಿರುವುದು ದಿನಕ್ಕೆ ಮೂರು ಸಲ ಐದೈದು ನಿಮಿಷ ಮತ್ತು ನಾಯಿಗೆ ನಿಜವಾಗಿ ಇಷ್ಟವಾದ ತಿನಿಸು.

ಅಂಗಡಿಯ ಬಿಸ್ಕತ್ತು ಬೇಡ. ಉಪ್ಪು, ಮಸಾಲೆ ಇಲ್ಲದೆ ಬೇಯಿಸಿದ ಕೋಳಿ, ಬೇಯಿಸಿದ ಮೊಟ್ಟೆ, ಪನೀರ್, ಕ್ಯಾರೆಟ್ ಸಾಕು. ತುಣುಕು ಕಡಲೆ ಕಾಳಿನಷ್ಟಿರಲಿ. ನಾಯಿ ಎಣಿಸುವುದು ಎಷ್ಟು ಸಲ ಸಿಕ್ಕಿತೆಂದು, ಎಷ್ಟು ದೊಡ್ಡದೆಂದು ಅಲ್ಲ. ಈರುಳ್ಳಿ, ಚಾಕೊಲೇಟ್, ದ್ರಾಕ್ಷಿ ಮೂರೂ ನಾಯಿಗೆ ವಿಷ. ಒಣದ್ರಾಕ್ಷಿಯೂ ಅಷ್ಟೇ. ಹಬ್ಬದ ದಿನ ಪಾಯಸವನ್ನೋ ಪ್ರಸಾದವನ್ನೋ ಪ್ರೀತಿಯಿಂದ ಹಂಚಿ ಆಸ್ಪತ್ರೆಗೆ ಓಡಿದ ಮನೆಗಳಿವೆ.

ಮೊದಲ ಪಾಠ ಕುಳಿತುಕೊಳ್ಳುವುದು. ತುಣುಕನ್ನು ಮೂಗಿನ ಬಳಿ ಹಿಡಿದು ನಿಧಾನವಾಗಿ ತಲೆಯ ಮೇಲಕ್ಕೆ, ಹಿಂದಕ್ಕೆ ಸರಿಸಿ. ಮೂಗು ಮೇಲೇರಿದರೆ ಹಿಂಭಾಗ ತಾನಾಗಿ ಕೆಳಗಿಳಿಯುತ್ತದೆ. ನೆಲ ಮುಟ್ಟಿದ ಕ್ಷಣ "ಭೇಷ್" ಎನ್ನಿ, ತುಣುಕು ಕೊಡಿ. ಆ "ಭೇಷ್" ಒಂದು ಸೆಕೆಂಡಿನೊಳಗೆ ಬರಬೇಕು. ತಡವಾದರೆ ನಾಯಿ ಮತ್ತೆ ಎದ್ದಿರುತ್ತದೆ, ಬಹುಮಾನ ಎದ್ದದ್ದಕ್ಕೆ ಸಿಕ್ಕಿತೆಂದುಕೊಳ್ಳುತ್ತದೆ. ಬೆನ್ನು ಒತ್ತಿ ಕೂರಿಸಬೇಡಿ. ಮೊದಲ ಎರಡು ದಿನ "ಕೂರು" ಎನ್ನುವ ಪದವೇ ಬೇಡ. ಕೈಯ ಚಲನೆಗೆ ಪ್ರತಿ ಸಲವೂ ಕೂರತೊಡಗಿದ ಮೇಲೆ, ಚಲನೆಗೆ ತುಸು ಮುಂಚೆ ಪದ ಸೇರಿಸಿ, ಒಂದೇ ಸಲ. ಹತ್ತು ಸಲ "ಕೂರು ಕೂರು ಕೂರು" ಎಂದರೆ ಹತ್ತನೆಯದಕ್ಕೆ ಕೂರಬೇಕೆಂದು ಅದು ಕಲಿಯುತ್ತದೆ.

ಅಡುಗೆಮನೆಯಲ್ಲಿ ಕಲಿತದ್ದು ಅಂಗಳದಲ್ಲಿ ಬಾರದಿದ್ದರೆ ಬೇಸರ ಬೇಡ. ನಾಯಿಗೆ ಜಾಗ ಬದಲಾದರೆ ಪಾಠವೂ ಹೊಸದು. ಒಳಮನೆ, ವರಾಂಡ, ಗೇಟು, ಖಾಲಿ ರಸ್ತೆ, ಕೊನೆಗೆ ಸಂತೆಬೀದಿ ಎಂದು ಒಂದೊಂದೇ ಮೆಟ್ಟಿಲು ಏರಬೇಕು.

ಆಜ್ಞೆಗಳು ಇಂಗ್ಲಿಷಿನಲ್ಲೇ ಇರಬೇಕೇ?

ಏಕಿರಬೇಕು? ನಾಯಿಗೆ ಕನ್ನಡ, ತುಳು, ಕೊಂಕಣಿ, ಉರ್ದು ಎಲ್ಲವೂ ಒಂದೇ. ಮನೆಮಂದಿಯೆಲ್ಲ ಒಂದೇ ಪದ ಬಳಸುವುದು ಮುಖ್ಯ. ತಾಯಿ "ಕೂರು", ಮಗ "ಸಿಟ್", ಅಜ್ಜ "ಸುಮ್ಮನಿರು" ಎಂದರೆ ನಾಯಿ ಮೂವರ ಮುಖವನ್ನೂ ನೋಡುತ್ತ ನಿಂತಿರುತ್ತದೆ, ನಾವು ಅದಕ್ಕೆ ಮೊಂಡನೆಂದು ಹೆಸರಿಡುತ್ತೇವೆ. ಪದಗಳನ್ನು ಹಾಳೆಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.

ಕನ್ನಡದಲ್ಲಿ ಒಂದು ತೊಡಕಿದೆ. "ಬಾ", "ಬಿಡು", "ಬೇಡ" ಮೂರೂ ಒಂದೇ ಅಕ್ಷರದಿಂದ ಆರಂಭವಾಗುತ್ತವೆ, ದೂರದಿಂದ ಕೂಗಿದಾಗ ಕಲಸಿಹೋಗುತ್ತವೆ. ನಾನು "ಬಾ" ಉಳಿಸಿಕೊಂಡು, ಬಾಯಲ್ಲಿರುವುದನ್ನು ಬಿಡಲು "ಕೊಡು", ಮುಟ್ಟದಿರಲು "ಸಾಕು" ಎಂದು ಮಾಡಿಕೊಂಡೆ. "ಹಚಾ" ಮಾತ್ರ ಎಂದೂ ಬಳಸಬೇಡಿ. ಊರೆಲ್ಲ ನಾಯಿಯನ್ನು ಅಟ್ಟುವ ಪದ ಅದು, ಮನೆಯೊಳಗೂ ಅದನ್ನೇ ಕೇಳಬೇಕೆ?

ಕರೆದರೆ ಬರುವುದಿಲ್ಲ. ಬಿಟ್ಟರೆ ಓಡುತ್ತದೆ.

ನೀವು ಯಾವಾಗ ಕರೆಯುತ್ತೀರಿ ಎಂದು ಯೋಚಿಸಿ. ಸ್ನಾನಕ್ಕೆ, ಕಟ್ಟಿಹಾಕಲು, ಗದರಲು, ಆಟ ಮುಗಿಸಲು. "ಬಾ" ಎಂದರೆ ಸುಖ ಮುಗಿಯಿತು ಎಂದು ಅದು ಅರ್ಥಮಾಡಿಕೊಂಡಿದೆ. ಇನ್ನು ಮುಂದೆ ಹತ್ತು ಸಲ ಕರೆದರೆ ಒಂಬತ್ತು ಸಲ ತುಣುಕು ಕೊಟ್ಟು ಮತ್ತೆ ಆಟಕ್ಕೆ ಬಿಡಿ. ಬಂದ ನಾಯಿಯನ್ನು, ಅದು ಎಷ್ಟೇ ತಡವಾಗಿ ಬಂದಿರಲಿ, ಬೈಯಬೇಡಿ. ಹತ್ತು ಮೀಟರಿನ ಹಗುರ ಹಗ್ಗವನ್ನು ಹಾರ್ನೆಸ್ಸಿಗೆ ಕಟ್ಟಿ ಬಯಲಿನಲ್ಲಿ ಅಭ್ಯಾಸ ಮಾಡಿ. ಹಗ್ಗ ಎಳೆಯಲಿಕ್ಕಲ್ಲ, ಓಡಿಹೋಗದಂತೆ ಕಾಯಲಿಕ್ಕೆ.

ನಮ್ಮ ಮಲೆನಾಡಿನ ತೋಟದ ಮನೆಗಳಲ್ಲಿ ಇದು ಜೀವದ ಪ್ರಶ್ನೆ. ಮಂಗ ಓಡಿಸಲು ಸಾಕಿದ ನಾಯಿ ಕತ್ತಲಾದ ಮೇಲೆ ಕರೆದರೂ ಬಾರದಿದ್ದರೆ ಚಿರತೆಯ ಬಾಯಿಗೆ ಬೀಳುತ್ತದೆ. ಸಂಜೆಯ ಊಟದ ತಟ್ಟೆಯ ಸದ್ದಿನ ಜೊತೆ ಪ್ರತಿದಿನ ಒಂದೇ ಬಗೆಯ ಸೀಟಿ ಹಾಕಿ. ಕೆಲವೇ ವಾರಗಳಲ್ಲಿ ಸೀಟಿಗೆ ತೋಟದ ಆಚೆಯಂಚಿನಿಂದಲೂ ಓಡಿ ಬರುತ್ತದೆ.

ವಾಕಿಂಗ್ ಹೋದರೆ ಬೀದಿನಾಯಿಗಳು ಮುತ್ತುತ್ತವೆ. ಏನು ಮಾಡಲಿ?

ಪರದೇಶದ ವಿಡಿಯೊಗಳಲ್ಲಿ ಇದಕ್ಕೆ ಉತ್ತರವೇ ಇಲ್ಲ. ಕಲ್ಲು ಎತ್ತಬೇಡಿ, ಓಡಬೇಡಿ, ನಿಮ್ಮ ನಾಯಿಯನ್ನು ಎತ್ತಿಕೊಳ್ಳಬೇಡಿ. ಒಂದೇ ದಾರಿಯಲ್ಲಿ, ಒಂದೇ ಹೊತ್ತಿಗೆ ಹೋಗಿ. ಆ ದಾರಿಯ ನಾಯಿಗಳಿಗೆ ನೀವು ಪರಿಚಿತರಾಗುತ್ತೀರಿ. ದೂರದಲ್ಲಿ ಗುಂಪು ಕಂಡ ಕೂಡಲೇ ರಸ್ತೆ ದಾಟಿ, ನೇರವಾಗಿ ಎದುರಾಗದೆ ಬಿಲ್ಲಿನಂತೆ ಬಳಸಿ ನಡೆಯಿರಿ, ಹಗ್ಗ ಸಡಿಲವಿರಲಿ. ಹಗ್ಗ ಬಿಗಿಯಾದರೆ ನಿಮ್ಮ ಭಯ ಅದರ ಮೂಲಕವೇ ನಾಯಿಗೆ ಇಳಿಯುತ್ತದೆ. ಕಿಸೆಯಲ್ಲಿ ಒಂದು ಹಿಡಿ ಒಣ ತಿನಿಸು ಇರಲಿ. ಹತ್ತಿರ ಬಂದರೆ ಅದನ್ನು ಅವುಗಳ ಹಿಂದಕ್ಕೆ ಎರಚಿ, ಅವು ಮೂಸುವಷ್ಟರಲ್ಲಿ ದಾಟಿಬಿಡಿ. ತರಬೇತುದಾರರು ಬಂದಾಗ ಗೇಟಿನೊಳಗೆ ಪಾಠ ಮಾಡಿಸದೆ ಈ ದಾರಿಯಲ್ಲೇ ನಡೆಸಿ ತೋರಿಸಲು ಹೇಳಿ. ನೀವು ಕೊಡುವ ಹಣಕ್ಕೆ ಇದಕ್ಕಿಂತ ಒಳ್ಳೆಯ ಬಳಕೆ ಇಲ್ಲ.

ಗುರುಗುಟ್ಟುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲ ಅಲ್ಲವೇ?

ಕಚ್ಚುತ್ತದೆ. ಆ ಗಾದೆಯನ್ನು ಮನುಷ್ಯರಿಗಷ್ಟೇ ಅನ್ವಯಿಸಿ. ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ. ಅದಕ್ಕೆ ಶಿಕ್ಷಿಸಿದರೆ ಎಚ್ಚರಿಕೆ ಹೋಗಿ ಕಚ್ಚುವಿಕೆ ಉಳಿಯುತ್ತದೆ. ಶಾಂತವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಸಿಡುಕಿದರೆ ಮೊದಲು ವೈದ್ಯರ ಬಳಿ ಹೋಗಿ. ಕಿವಿಯ ಸೋಂಕು, ಹಲ್ಲುನೋವು, ಸೊಂಟದ ನೋವು ಎಷ್ಟೋ ನಾಯಿಗಳನ್ನು "ಕೆಟ್ಟ ನಾಯಿ" ಮಾಡಿವೆ. ಯಾರನ್ನಾದರೂ ಕಚ್ಚಿದ್ದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಸಿನ, ಖಾರದಪುಡಿ ಹಚ್ಚಬಾರದು. ಸಾಕಿದ ನಾಯಿಯಾದರೂ, ಲಸಿಕೆ ಹಾಕಿಸಿದ್ದರೂ ವೈದ್ಯರೇ ನಿರ್ಧರಿಸಲಿ.

ಮನುಷ್ಯರನ್ನು ಕಚ್ಚಿದ ನಾಯಿಯ ವಿಷಯದಲ್ಲಿ ಅಗ್ಗದ ದಾರಿ ಹುಡುಕಬೇಡಿ. ಬೇರೆಲ್ಲಾದರೂ ಉಳಿಸಿ, ಇದಕ್ಕೆ ಅನುಭವಿಗಳನ್ನೇ ಕರೆಸಿ.

ಮುಧೋಳ ನಾಯಿಗೆ, ಬೀದಿ ತಳಿಗೆ ಕಲಿಸುವುದು ಕಷ್ಟವೇ?

ಬೀದಿ ತಳಿಯವು ಬಹಳ ಚುರುಕು. ಅಪರಿಚಿತರ ಬಗ್ಗೆ ತುಸು ಸಂಶಯ ಹೆಚ್ಚು, ಅಷ್ಟೇ. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ. ದೂರದಲ್ಲಿ ಬೆಕ್ಕೋ ಮೊಲವೋ ಓಡಿದರೆ ಅದರ ಕಾಲು ಮನಸ್ಸಿಗಿಂತ ಮುಂದೆ ಓಡುತ್ತದೆ. ಬೇಲಿಯಿಲ್ಲದ ಕಡೆ ಹಗ್ಗ ಬಿಡಬೇಡಿ. ಈ ತಳಿಯನ್ನು ಸಾಕುವ ಮುನ್ನ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ನಡೆಸುವ ಶ್ವಾನ ಸಂಶೋಧನಾ ಕೇಂದ್ರದವರನ್ನು ಮಾತನಾಡಿಸುವುದು ಒಳ್ಳೆಯದು. ಸೇನೆ ಸೇರಿದ ತಳಿಯೆಂದು ಹೆಮ್ಮೆಪಟ್ಟು ಎರಡು ಕೋಣೆಯ ಮನೆಯಲ್ಲಿ ಕಟ್ಟಿಹಾಕಿದವರನ್ನು ಕಂಡರೆ ನನಗೆ ಬಹಳ ನೋವಾಗುತ್ತದೆ.

ದಿನವಿಡೀ ಕಟ್ಟಿರುತ್ತೇವೆ. ಅದಕ್ಕೇ ಹೀಗಾಡುತ್ತಿದೆಯೇ?

ಬಹುಪಾಲು ಹೌದು. ಅತಿ ಹೊತ್ತು ಗಿಡ್ಡ ಸರಪಳಿಯಲ್ಲಿ ಕಟ್ಟುವುದು ಮಾತ್ರವಲ್ಲ, ಸದಾ ಕಟ್ಟಿಟ್ಟ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದನ್ನೂ ಅದೇ 1960ರ ಕಾಯ್ದೆ ಹಿಂಸೆ ಎಂದೇ ಪರಿಗಣಿಸುತ್ತದೆ. ತರಬೇತುದಾರರನ್ನು ಹುಡುಕುವ ಮುನ್ನ ಹದಿನೈದು ದಿನ ಬೆಳಿಗ್ಗೆ, ಸಂಜೆ ಅರ್ಧ ಗಂಟೆ, ಅದಕ್ಕೆ ಬೇಕೆನಿಸಿದಲ್ಲೆಲ್ಲ ಮೂಸಲು ಬಿಟ್ಟು ನಡೆಸಿ ನೋಡಿ. ಹುಡುಕುವ ಅಗತ್ಯವೇ ಬಾರದಿರಬಹುದು.

ದೀಪಾವಳಿ ಪಟಾಕಿಗೆ ಮಂಚದ ಕೆಳಗೆ ನಡುಗುತ್ತದೆ. ಇದಕ್ಕೂ ತರಬೇತಿ ಇದೆಯೇ?

ಇದೆ, ಆದರೆ ಹಬ್ಬದ ವಾರದಲ್ಲಲ್ಲ. ಎರಡು ತಿಂಗಳು ಮೊದಲೇ ಮೊಬೈಲಿನಲ್ಲಿ ಪಟಾಕಿ ಸದ್ದನ್ನು ಕೇಳಿಯೂ ಕೇಳದಷ್ಟು ಮೆಲ್ಲಗೆ ಹಾಕಿ, ಜೊತೆಗೆ ಕೋಳಿಯ ತುಣುಕು ಕೊಡಿ. ಕಿವಿ ನಿಮಿರಿ ತಿನ್ನುವುದನ್ನು ನಿಲ್ಲಿಸಿತೆಂದರೆ ಸದ್ದು ಹೆಚ್ಚಾಯಿತು, ಇಳಿಸಿ. ಹಬ್ಬದ ದಿನ ಬೆಳಕಿರುವಾಗಲೇ ವಾಕಿಂಗ್ ಮುಗಿಸಿ, ಒಳಕೋಣೆಯ ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಪಟ್ಟಿಗೆ ನಿಮ್ಮ ದೂರವಾಣಿ ಸಂಖ್ಯೆ ಕಟ್ಟಿ. ಬಹಳ ಹೆದರುವ ನಾಯಿಗೆ ವೈದ್ಯರು ಔಷಧ ಕೊಡಬಲ್ಲರು. ಮಂಚದ ಕೆಳಗೆ ಹೋದರೆ ಎಳೆದು ಹೊರಗೆ ತರಬೇಡಿ. ಪಕ್ಕದಲ್ಲಿ ನೆಲದ ಮೇಲೆ ಕುಳಿತಿರಿ. ಸಮಾಧಾನ ಮಾಡಿದರೆ ಭಯ ಹೆಚ್ಚುತ್ತದೆ ಎನ್ನುವ ಮಾತು ಸುಳ್ಳು.

ನಮ್ಮದಕ್ಕೆ ಈಗಾಗಲೇ ಎಂಟು ವರ್ಷ. ತಡವಾಯಿತೇ?

ಇಲ್ಲ. ಮುದಿ ನಾಯಿಗೆ ಮರಿಗಿಂತ ಗಮನ ಹೆಚ್ಚು. ಮಂಡಿ ನೋಯುತ್ತಿದ್ದರೆ ಕೂರಿಸುವ ಬದಲು ನಿಂತಲ್ಲೇ ಕಣ್ಣಿಗೆ ಕಣ್ಣು ಸೇರಿಸುವುದನ್ನು ಕಲಿಸಿ. ಇವತ್ತಿನ ರಾತ್ರಿ ಊಟದಿಂದ ಹತ್ತು ತುಣುಕು ತೆಗೆದಿಡಿ, ಹೆಸರು ಹಿಡಿದು ಕರೆಯಿರಿ, ನಿಮ್ಮತ್ತ ನೋಡಿದಾಗಲೆಲ್ಲ ಒಂದೊಂದು ಕೊಡಿ.